ಮನೆಯವರು ಕೊನೆಗೆ

ಜನವರಿ 11

ಅಣ್ಣಾ,

ನಾನು ಚೆನ್ನಾಗಿದ್ದೇನೆ ಎಂದು ಬರೆದೇ ಪತ್ರ ಶುರು ಮಾಡುವುದು ನನ್ನ ಅಭ್ಯಾಸ. ಇವತ್ತೂ ಬರೆದೆ. ಆಮೇಲೆ ಹೊಡೆದುಹಾಕಿ ಹೊಸ ಹಾಳೆ ತೆಗೆದುಕೊಂಡೆ. ಗಾಬರಿಯಾಗಬೇಡ, ಕೊನೆಯವರೆಗೆ ಓದು.

ಹೋಟೆಲಿನವರು ಕೆಲಸದವರಿಗೆಲ್ಲ ರಕ್ತ ಪರೀಕ್ಷೆ ಮಾಡಿಸಿದರು, ಅಡುಗೆಮನೆಯವರಿಂದ ಹಿಡಿದು ಬಟ್ಟೆ ಕೋಣೆಯ ನಮ್ಮ ನಾಲ್ಕು ಜನರವರೆಗೆ. ನಾಲ್ಕನೇ ದಿನ ನನ್ನೊಬ್ಬಳನ್ನೇ ಮತ್ತೆ ಕರೆದರು. ಹೆಪಟೈಟಿಸ್ ಸಿ ಅಂತೆ. ರಕ್ತದಿಂದ ರಕ್ತಕ್ಕೆ ದಾಟಿ, ಲಿವರಿನಲ್ಲಿ ಸದ್ದಿಲ್ಲದೆ ಬೀಡುಬಿಡುವ ವೈರಸ್. ಕಂಪೌಂಡರಿಗೆ ನಾನೇನು ಪಾಠ ಹೇಳುವುದು! ದೊಡ್ಡಾಸ್ಪತ್ರೆಗೆ ಹೋದೆ. ಇನ್ನೊಮ್ಮೆ ರಕ್ತ ತೆಗೆದು, ವೈರಸ್ ಈಗಲೂ ಇದೆ ಎಂದು ಖಚಿತ ಮಾಡಿಕೊಂಡರು. ಪಕ್ಕೆಗೆ ಏನನ್ನೋ ಒತ್ತಿ ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ಅಳೆದರು. ಗಟ್ಟಿಯಾಗಲು ಶುರುವಾಗಿದೆಯಂತೆ, ಕೈಮೀರಿಲ್ಲವಂತೆ. "ಇಪ್ಪತ್ತು ಮೂವತ್ತು ವರ್ಷದಿಂದ ನಿಮ್ಮ ಜೊತೆಗೇ ಇದ್ದಿರಬೇಕು ಇದು" ಅಂದರು ಡಾಕ್ಟರಮ್ಮ. ಅಷ್ಟು ವರ್ಷ ಬಿಟ್ಟಿ ಉಂಡು ಮಲಗಿದವನನ್ನು ಈಗ ಎಬ್ಬಿಸಿ ಕಳಿಸುವುದು ಹೇಗಮ್ಮಾ ಎಂದು ಕೇಳಿದೆ. ನಕ್ಕರು. ಹನ್ನೆರಡು ವಾರ, ದಿನಕ್ಕೊಂದು ಮಾತ್ರೆ, ಅಷ್ಟೆ. ಇಂಜೆಕ್ಷನ್ ಇಲ್ಲ. ನೂರಕ್ಕೆ ತೊಂಬತ್ತೈದು ಜನಕ್ಕಾದರೂ ಪೂರ್ತಿ ಹೋಗುತ್ತದಂತೆ.

ಇನ್ನೊಂದು ವಿಷಯ. ಮನೆಯವರೂ ಪರೀಕ್ಷೆ ಮಾಡಿಸಿಕೊಳ್ಳಲಿ ಎಂದರು. ನನಗೆ ಮನೆಯವರು ಅಂದರೆ ನೀನು, ಅತ್ತಿಗೆ. ನೀನಂತೂ ನಲವತ್ತು ವರ್ಷ ಸೂಜಿ ಹಿಡಿದವನು, ಎಷ್ಟು ಸಲ ನಿನ್ನ ಬೆರಳಿಗೇ ಚುಚ್ಚಿಕೊಂಡಿದ್ದೀಯೋ ಏನೋ. ಹೋಗಿ ಮಾಡಿಸಿಕೋ. ಫೋನಿನಲ್ಲೇ ಹೇಳುತ್ತಿದ್ದೆ, ಆದರೆ ನಿನ್ನ ಕಿವಿಗೆ ಕೇಳಿಸುವಷ್ಟು ಜೋರಾಗಿ ಈ ರೋಗದ ಹೆಸರು ಕೂಗಿದರೆ ಹೋಟೆಲಿನ ಅತಿಥಿಗಳೆಲ್ಲ ರೂಮು ಖಾಲಿ ಮಾಡಿಯಾರು.

ನಿನ್ನ ತಂಗಿ,
ಮೆಣಸು


ಜನವರಿ 17

ಮೆಣಸೂ,

ನಿನ್ನ ಪತ್ರ ಬಂತು. ನಾನು ಎರಡು ಸಲ ಓದಿದೆ, ಅತ್ತಿಗೆ ಮೂರು ಸಲ ಓದಿದಳು. ಅವಳು ಅತ್ತಳು. ನಾನು ಕಂಪೌಂಡರ್ ಆದ್ದರಿಂದ ಕನ್ನಡಕ ಒರೆಸಿಕೊಂಡೆ.

ಮಾತ್ರೆಯನ್ನು ದಿನವೂ ಒಂದೇ ಹೊತ್ತಿಗೆ ತೆಗೆದುಕೋ. ಒಂದು ದಿನವೂ ತಪ್ಪಬಾರದು. ನಮ್ಮ ಕಾಲದಲ್ಲಿ ಇದಕ್ಕೆ ಮದ್ದಿರಲಿ, ಹೆಸರೇ ಇರಲಿಲ್ಲ. ಹೊಟ್ಟೆ ಉರಿದರೆ ಇರಲಿ ಎಂದು ನನ್ನ ಬಿಳಿ ಪುಡಿಯ ಪೊಟ್ಟಣ ಹತ್ತು ಕಳಿಸಿದ್ದೇನೆ. ಇದನ್ನು ಇಡೀ ಬೀದಿ ನುಂಗಿ ಬದುಕಿದೆ.

ಜೊತೆಗೆ ಒಂದು ಕಾಗದದ ಪಟ್ಟಿ ಇದೆ. ನೋಡಿದರೆ ಗುರುತು ಸಿಗುತ್ತದೆ ನಿನಗೆ. ಔಷಧಿ ಬಾಟಲಿಗೆ ಅಂಟಿಸುತ್ತಿದ್ದೆನಲ್ಲ, ಒಂದೊಂದು ಹಲ್ಲು ಒಂದೊಂದು ಸಲದ ಗುಟುಕು ಎಂದು ಅಂಚು ಕತ್ತರಿಸಿ, ಅದೇ. ಇದಕ್ಕೆ ಎಂಬತ್ತನಾಲ್ಕು ಹಲ್ಲು. ಗೋಡೆಗೆ ಅಂಟಿಸಿಕೊಂಡು ಮಾತ್ರೆ ನುಂಗಿದ ಮೇಲೆ ದಿನಕ್ಕೊಂದು ಹಲ್ಲು ಕತ್ತರಿಸು. ನನ್ನ ಕೈ ಸ್ವಲ್ಪ ನಡುಗುತ್ತದೆ, ಅಲ್ಲಲ್ಲಿ ಹಲ್ಲು ವಕ್ರ. ಬೈಯಬೇಡ.

ಇಲ್ಲಿ ವಿಶೇಷವೇನಿಲ್ಲ. ದವಾಖಾನೆ ಇದ್ದ ಜಾಗದಲ್ಲಿ ಈಗ ಕನ್ನಡಕದ ಅಂಗಡಿ. ಬೆಂಚು ಮಾತ್ರ ಹಾಗೇ ಹೊರಗಿದೆ, ಸಂಜೆ ಹೋಗಿ ಕೂರುತ್ತೇನೆ.

ಅಣ್ಣ


ಜನವರಿ 31

ಅಣ್ಣಾ,

ಇಪ್ಪತ್ತನೇ ತಾರೀಕು ಶುರು ಮಾಡಿದೆ. ಇವತ್ತಿಗೆ ಹನ್ನೆರಡು ಹಲ್ಲು ಹೋಯಿತು. ಪಟ್ಟಿಯನ್ನು ಬೀರುವಿನ ಬಾಗಿಲ ಒಳಬದಿಗೆ ಅಂಟಿಸಿದ್ದೇನೆ, ಬಾಗಿಲು ತೆರೆದರೆ ನಗುವ ಮುದುಕನ ಬಾಯಿಯ ಹಾಗೆ ಕಾಣುತ್ತದೆ.

ನಿನ್ನ ಬಿಳಿ ಪುಡಿಗೆ ಡಾಕ್ಟರಮ್ಮ ಕೆಂಪು ಬಾವುಟ ತೋರಿಸಿದರು. ಹೊಟ್ಟೆಯ ಹುಳಿ ಕಡಿಮೆಯಾದರೆ ಈ ಮಾತ್ರೆ ಮೈಗೆ ಹತ್ತುವುದಿಲ್ಲವಂತೆ. ಇಡೀ ಬೀದಿ ನುಂಗಿ ಬದುಕಿದ ಪುಡಿ ಈಗ ನನ್ನ ಕಿಟಕಿ ಗಾಜು ಒರೆಸಲು ಉಪಯೋಗವಾಗುತ್ತಿದೆ. ಗಾಜು ಫಳಫಳ ಹೊಳೆಯುತ್ತದೆ, ಬೇಜಾರು ಮಾಡಿಕೊಳ್ಳಬೇಡ.

ಮೊದಲ ವಾರ ತಲೆನೋವು, ಸುಸ್ತು. ಮಧ್ಯಾಹ್ನದ ಹೊತ್ತಿಗೆ ಹಾಸಿಗೆ ಬಟ್ಟೆಯ ರಾಶಿ ನೋಡಿದರೆ ಅದರ ಮೇಲೇ ಬಿದ್ದುಕೊಳ್ಳೋಣ ಅನ್ನಿಸುತ್ತಿತ್ತು. ಈಗ ಪರವಾಗಿಲ್ಲ. ನನ್ನ ಕೈಕೆಳಗಿನ ಇಸ್ತ್ರಿಯವಳು ನನ್ನ ಚಹಾ ಲೋಟದ ಕಿವಿಗೆ ಕೆಂಪು ದಾರ ಕಟ್ಟಿಟ್ಟಿದ್ದಳು, ಯಾರೂ ತಪ್ಪಿ ಮುಟ್ಟದಿರಲಿ ಎಂದು. ಹದಿನಾಲ್ಕು ವರ್ಷ ಜೊತೆಗೆ ಕೆಲಸ ಮಾಡಿದವಳು. ನಾನು ಅದರಲ್ಲೇ ಕುಡಿದೆ. ರೂಮಿಗೆ ಬಂದು ಅತ್ತೆ. ಮರುದಿನ ಆಸ್ಪತ್ರೆಯಲ್ಲಿ ಕೊಟ್ಟ ಚೀಟಿಯನ್ನು ಅವಳ ಇಸ್ತ್ರಿ ಮೇಜಿನ ಮೇಲೆ ಬಿಟ್ಟುಬಂದೆ. ಲೋಟ, ತಟ್ಟೆ, ಮುಟ್ಟುವುದು, ಅಪ್ಪಿಕೊಳ್ಳುವುದು, ಯಾವುದರಿಂದಲೂ ಇದು ಹರಡುವುದಿಲ್ಲ ಎಂದು ದಪ್ಪಕ್ಷರದಲ್ಲಿ ಬರೆದಿದೆ ಅದರಲ್ಲಿ. ಓದಿದಳೋ ಇಲ್ಲವೋ.

ಪರೀಕ್ಷೆಗೆ ಹೋದೆಯಾ? ನಿನ್ನ ಪತ್ರದಲ್ಲಿ ಬೆಂಚಿನ ಸಮಾಚಾರವಿದೆ, ನಿನ್ನ ಸಮಾಚಾರವಿಲ್ಲ. ಮತ್ತೆ, ನೀನು ಯಾವತ್ತೂ ಕಾಗದ ಮಡಚಿ ಕತ್ತರಿಸುವವನು, ಒಂದು ಕತ್ತರಿಗೆ ಎರಡು ಪಟ್ಟಿ ಬರುತ್ತಿದ್ದವು. ನಾನು ಸ್ಟೂಲಿನ ಮೇಲೆ ಕೂತು ಅವುಗಳನ್ನು ಬಿಡಿಸಿ ಜೋಡಿಸುತ್ತಿದ್ದೆ. ಇದರ ಜೋಡಿ ಎಲ್ಲಿ?

ಮೆಣಸು


ಫೆಬ್ರವರಿ 10

ಮೆಣಸೂ,

ಜೋಡಿ ಇಲ್ಲೇ ಎಲ್ಲೋ ಇದೆ. ಪುಡಿಯ ವಿಷಯ ನನಗೆ ಹೊಳೆಯಬೇಕಿತ್ತು, ಮುದಿ ಕಂಪೌಂಡರ್. ಇಸ್ತ್ರಿಯವಳನ್ನು ಕ್ಷಮಿಸಿಬಿಡು, ಹೆದರಿಕೆ ಅಷ್ಟೆ. ಚಳಿ ಕಡಿಮೆಯಾಗುತ್ತಿದೆ. ಪರೀಕ್ಷೆಗೆ ಹೋಗುತ್ತೇನೆ, ಅವಸರವೇನು.

ಅಣ್ಣ


ಫೆಬ್ರವರಿ 22

ಪ್ರೀತಿಯ ನಾದಿನಿಗೆ,

ನಾನು ನಿನ್ನ ಅತ್ತಿಗೆ. ಅವರು ಬೆಂಚಿಗೆ ಹೋಗಿದ್ದಾರೆ, ಬರುವಷ್ಟರಲ್ಲಿ ಬರೆದು ಡಬ್ಬಿಗೆ ಹಾಕಿಬಿಡಬೇಕು. ನನ್ನ ಅಕ್ಷರ ನೋಡಿ ನಗಬೇಡ.

ನಿನ್ನ ಮೊದಲನೇ ಕಾಗದ ಬಂದ ಮೇಲೆ ನಾನು ಪರೀಕ್ಷೆ ಮಾಡಿಸಿಕೊಂಡು ಬಂದೆ. ನನಗೆ ಏನೂ ಇಲ್ಲವಂತೆ. "ನೋಡಿದ್ರಾ, ಬೆರಳಿಗೆ ಒಂದು ಚುಚ್ಚು, ಅಷ್ಟೇ, ನೀವೂ ಹೋಗಿ ಬನ್ನಿ" ಅಂದರೆ ಮುಖ ತಿರುಗಿಸಿ ಕೂರುತ್ತಾರೆ. ಮಧ್ಯಾಹ್ನ ಮಲಗದ ಮನುಷ್ಯ ಈಗ ಊಟ ಮಾಡಿದ ಕೂಡಲೇ ಮಲಗುತ್ತಾರೆ. ಕಾಲು ಪರಪರ ಕೆರೆದುಕೊಳ್ಳುತ್ತಾರೆ. ಬೆಲ್ಟಿಗೆ ಹೊಸ ತೂತು ಹಾಕಿಸಿದ್ದಾರೆ, ನನಗೆ ಗೊತ್ತಿಲ್ಲ ಅಂದುಕೊಂಡಿದ್ದಾರೆ.

ಹೋದ ತಿಂಗಳು ಏಣಿ ಹಾಕಿ ಅಟ್ಟದಿಂದ ದವಾಖಾನೆಯ ಹಳೇ ರಿಜಿಸ್ಟರುಗಳನ್ನೆಲ್ಲ ಇಳಿಸಿದರು. ಭೂತಗನ್ನಡಿ ಹಿಡಿದು ಓದುತ್ತಾ ಕೂರುತ್ತಾರೆ. ಒಂದೇ ರಿಜಿಸ್ಟರು, ಅದೇ ಪುಟಗಳು. ಏನು ಹುಡುಕ್ತಿದ್ದೀರಿ ಅಂದರೆ "ಏನಿಲ್ಲ ಕಣೇ" ಅನ್ನುತ್ತಾರೆ. ನಿನ್ನ ಕಾಗದ ಬಂದ ದಿನ ಊಟ ಸೇರುವುದಿಲ್ಲ.

ನಾನು ಕೇಳಿದರೆ ಅವರು ಹೇಳುವುದಿಲ್ಲ. ನಿನಗೆ ಸುಳ್ಳು ಹೇಳಲು ಅವರಿಗೆ ಬರುವುದಿಲ್ಲ. ನೀನೇ ಕೇಳು. ನಾನು ಬರೆದೆ ಅಂತ ಹೇಳಬೇಡ. ಹೇಳಿದರೂ ಚಿಂತೆಯಿಲ್ಲ.

ನಿನ್ನ ಅತ್ತಿಗೆ


ಮಾರ್ಚ್ 3

ಅಣ್ಣಾ,

ಇವತ್ತಿಗೆ ನಲವತ್ಮೂರು ಹಲ್ಲು. ಅರ್ಧ ದಾರಿ ದಾಟಿತು. ನಾಲ್ಕನೇ ವಾರದ ಪರೀಕ್ಷೆಯಲ್ಲೇ ವೈರಸ್ ಹುಡುಕಿದರೂ ಸಿಗದಷ್ಟು ಕಡಿಮೆಯಾಗಿದೆ. ಮಾತ್ರೆ ಮಾತ್ರ ಪೂರ್ತಿ ಮುಗಿಸಲೇಬೇಕು ಎಂದರು.

ಇಸ್ತ್ರಿಯವಳು ಮೊನ್ನೆ ನನ್ನ ಲೋಟದಲ್ಲಿ ಉಳಿದಿದ್ದ ಚಹಾವನ್ನು ಎತ್ತಿ ಗಟಗಟ ಕುಡಿದುಬಿಟ್ಟಳು, ನನ್ನ ಮುಖ ನೋಡುತ್ತಲೇ. ದಾರವನ್ನು ಹಲ್ಲಿನಿಂದ ಕಚ್ಚಿ ಕಿತ್ತು ಕಸಕ್ಕೆ ಹಾಕಿದಳು. ಆಮೇಲೆ ಇಬ್ಬರೂ ಸೇರಿ ಆ ದಿನದ ನೂರಾ ಇಪ್ಪತ್ತು ದಿಂಬಿನ ಚೀಲ ಮಡಚಿದೆವು.

ಈಗ ನಿನ್ನನ್ನು ನೇರವಾಗಿ ಕೇಳುತ್ತೇನೆ. ರಿಜಿಸ್ಟರಿನಲ್ಲಿ ಏನಿದೆ? ಪರೀಕ್ಷೆಗೆ ಯಾಕೆ ಹೋಗುತ್ತಿಲ್ಲ? ಹವಾಮಾನ ಬರೆದರೆ ಪತ್ರವನ್ನು ಹಾಗೇ ವಾಪಸ್ ಕಳಿಸುತ್ತೇನೆ.

ಮೆಣಸು


ಮಾರ್ಚ್ 15

ತಂಗೀ,

ಈ ಪತ್ರವನ್ನು ನಾಲ್ಕು ಸಲ ಹರಿದಿದ್ದೇನೆ.

ಆಗ ನಿನಗೆ ಹದಿನೈದು ವರ್ಷ. ಅಪ್ಪ ಅಮ್ಮ ಹೋಗಿ, ನೀನು ನಾನು ದವಾಖಾನೆಯ ಹಿಂದಿನ ಕೋಣೆಯಲ್ಲಿದ್ದೆವು. ಆ ವರ್ಷ ಬೀದಿಗೆ ಬೀದಿಯೇ ಜ್ವರದಲ್ಲಿ ಮಲಗಿತ್ತು. ಕೊನೆಗೆ ನೀನೂ ಮಲಗಿದೆ. ಗಾಜಿನ ಸಿರಿಂಜ್ ಇದ್ದದ್ದು ಎರಡು, ಅದರಲ್ಲಿ ಒಂದು ಒಡೆದಿತ್ತು. ಬೆಳಿಗ್ಗೆ ಒಮ್ಮೆ, ಸಂಜೆ ಬಾಗಿಲು ತೆರೆಯುವ ಮುಂಚೆ ಒಮ್ಮೆ ಸ್ಟೀಲ್ ಡಬ್ಬಿಯಲ್ಲಿ ಕುದಿಸುತ್ತಿದ್ದೆ. ಒಬ್ಬರಿಂದ ಒಬ್ಬರಿಗೆ ಹೋಗುವಾಗ ಸ್ಪಿರಿಟ್ಟಿನಲ್ಲಿ ಅದ್ದಿ ಒರೆಸುವುದು. ಅಷ್ಟು ಸಾಕು ಎಂದು ಡಾಕ್ಟರು ಹೇಳಿದ್ದರು. ಸತ್ತವರ ಮೇಲೆ ಹಾಕಿ ನಾನು ಕೈತೊಳೆದುಕೊಳ್ಳುತ್ತಿಲ್ಲ. ಪ್ರತಿಯೊಬ್ಬರಿಗೂ ಕುದಿಸಲು ಕೂತರೆ ಇಪ್ಪತ್ತು ನಿಮಿಷ, ಹೊರಗೆ ಬೆಂಚಿನ ಮೇಲೆ ನರಳುವವರ ಸಾಲು. ನನಗೂ ಸಾಕು ಅನ್ನಿಸಿತು.

ದವಾಖಾನೆಗೆ ನಾನೇ ಮಾಡಿಕೊಂಡ ಒಂದು ನಿಯಮವಿತ್ತು, ನಿನಗೆ ನೆನಪಿರಬೇಕು: ಮನೆಯವರು ಕೊನೆಗೆ. ಕಂಪೌಂಡರ್ ತನ್ನವರನ್ನು ಮುಂದೆ ತಳ್ಳುತ್ತಾನೆ ಎಂಬ ಮಾತು ಬರಬಾರದು. ಅದು ನನಗೆ ದೊಡ್ಡಸ್ತಿಕೆಯಾಗಿತ್ತು. ಡಾಕ್ಟರೇ "ಆ ಹುಡುಗಿಗೆ ಮೊದಲು ಕೊಡಯ್ಯ, ಮೈ ಸುಡ್ತಿದೆ" ಅಂದಾಗಲೂ "ಇಲ್ಲ ಸಾರ್, ಹೊರಗಿನವರದ್ದು ಆಗಲಿ" ಅಂದವನು ನಾನು.

ಇಪ್ಪತ್ತೊಂದು ದಿನ. ದಿನವೂ ಇಪ್ಪತ್ಮೂರು ಜನರದ್ದಾದ ಮೇಲೆ ನಿನಗೆ. ರಿಜಿಸ್ಟರಿನಲ್ಲಿ ನನ್ನದೇ ಅಕ್ಷರ. ಪ್ರತಿ ಪುಟದ ಕೊನೆಯ ಸಾಲಿನಲ್ಲಿ "ತಂಗಿ" ಎಂದಿದೆ. ನಿನ್ನ ಹೆಸರು ಕೂಡ ಬರೆದಿಲ್ಲ. ಡಬ್ಬಿಯಿಂದ ತೆಗೆದ ಕೂಡಲೇ, ಆ ಬಿಸಿ ಸೂಜಿ ಆರಿದ ಕೂಡಲೇ, ಮೊದಲನೆಯದು ನಿನಗೆ ಕೊಟ್ಟಿದ್ದರೆ ಈ ಪತ್ರ ಬರೆಯುವ ಪ್ರಸಂಗ ಬರುತ್ತಿರಲಿಲ್ಲ. ನಾನು ಒಳ್ಳೆಯವನು ಅನ್ನಿಸಿಕೊಳ್ಳಲು ಹೋಗಿ ನಿನ್ನ ಲಿವರ್ ಕೆಡಿಸಿದೆ.

ಪರೀಕ್ಷೆ ಯಾಕೆ ಬೇಡ ಎಂದು ಕೇಳಿದೆ. ಇದ್ದರೆ ಇರಲಿ ಅನ್ನಿಸುತ್ತದೆ, ಅದಕ್ಕೆ. ನಿನಗೆ ಕೊಟ್ಟದ್ದು ನನ್ನಲ್ಲೂ ಇರಲಿ.

ಅಣ್ಣ


ಮಾರ್ಚ್ 30

ಅಣ್ಣಾ,

ಸಿಟ್ಟು ಬಂತು. ಸುಳ್ಳು ಯಾಕೆ ಹೇಳಲಿ, ಮೂರು ದಿನ ಬಂತು. ಒಂದು ರಾಶಿ ಟವೆಲ್ಲಿಗೆ ಎರಡು ಸಲ ಬ್ಲೀಚ್ ಹಾಕಿ ಹಾಳು ಮಾಡಿದೆ. ಸೂಜಿಗಾಗಿ ಅಲ್ಲ ಸಿಟ್ಟು. ಸೂಜಿಯ ವಿಷಯ ನನಗೆ ಜನವರಿಯಲ್ಲೇ ಹೊಳೆದಿತ್ತು. ಚಿಕ್ಕಂದಿನಲ್ಲಿ ಇಂಜೆಕ್ಷನ್ ತೆಗೆದುಕೊಂಡಿದ್ದೀರಾ ಎಂದು ಡಾಕ್ಟರಮ್ಮ ಕೇಳಿದಾಗ ನನಗೆ ಮೊದಲು ನೆನಪಾದದ್ದೇ ಆ ಸ್ಟೀಲ್ ಡಬ್ಬಿ. ನಿನ್ನನ್ನು ಪರೀಕ್ಷೆಗೆ ಹೋಗು ಹೋಗು ಎಂದು ಪೀಡಿಸಿದ್ದು ಅದಕ್ಕೇ. ಮೈ ಕೆಂಡದಂತೆ ಸುಡುತ್ತಿದ್ದಾಗ ಗೋಡೆಗೊರಗಿ, ಇನ್ನೂ ಎಷ್ಟು ಜನ, ಇನ್ನೂ ಎಷ್ಟು ಜನ ಎಂದು ಕಾದಿದ್ದೆನಲ್ಲ, ಆ ಹುಡುಗಿಯ ಸಿಟ್ಟು ಮೂವತ್ತೇಳು ವರ್ಷ ತಡವಾಗಿ ಬಂತು. ಬಂದು ಹೋಯಿತು.

ನಾಲ್ಕನೇ ದಿನ ಬೇರೆಯದೇ ನೆನಪಾಯಿತು. ಎಲ್ಲರದ್ದೂ ಮುಗಿದ ಮೇಲೆ ನೀನು ಬಾಗಿಲು ಹಾಕಿ, ಕೋಟು ಕಳಚಿ, ನನ್ನ ಪಕ್ಕ ಕೂರುತ್ತಿದ್ದೆ. "ಸೂಜಿ ನೋಡಬೇಡ, ಬಾಟಲಿ ಎಣಿಸು" ಅನ್ನುತ್ತಿದ್ದೆ. ನಾನು ಕಪಾಟಿನ ಬಾಟಲಿ ಎಣಿಸುತ್ತಿದ್ದೆ. ಯಾವತ್ತೂ ಹದಿನೇಳು ದಾಟಲಿಲ್ಲ, ಅಷ್ಟರಲ್ಲಿ ನಿನ್ನ ಕೈ ನನ್ನ ತೋಳು ಉಜ್ಜುತ್ತಿರುತ್ತಿತ್ತು. ಆ ಇಪ್ಪತ್ತೊಂದು ದಿನವೂ ನಾನು ಬದುಕಿ ಏಳುವುದು ಆ ಕೈಯಿಂದಲೇ ಎಂದು ನಂಬಿದ್ದೆ. ಬದುಕಿ ಎದ್ದೆ ಕೂಡ. ಅದನ್ನೂ ನಿನ್ನ ರಿಜಿಸ್ಟರಿನಲ್ಲಿ ಬರೆದುಕೋ.

ಇನ್ನೊಂದು, ಇಪ್ಪತ್ತೆರಡನೇ ವಯಸ್ಸಿನಲ್ಲಿ ಅಪೆಂಡಿಕ್ಸ್ ಆಪರೇಶನ್ ಆದಾಗ ನನಗೆ ಎರಡು ಬಾಟಲಿ ರಕ್ತ ಕೊಟ್ಟಿದ್ದರು. ಅದರಿಂದಲೂ ಬಂದಿರಬಹುದು. ಎಲ್ಲಿಂದ ಬಂತು ಎಂದು ಯಾರೂ ಆಣೆ ಮಾಡಿ ಹೇಳಲಾರರು ಎಂದರು ಡಾಕ್ಟರಮ್ಮ. ನಿನಗೆ ಸಮಾಧಾನವಾಗಲಿ ಎಂದು ಹೇಳುತ್ತಿಲ್ಲ, ಇರುವುದನ್ನು ಹೇಳುತ್ತಿದ್ದೇನೆ.

ನೀನು ನಿನಗೇ ವಿಧಿಸಿಕೊಂಡ ಶಿಕ್ಷೆ ನನಗೆ ಬೇಡ. ಅದನ್ನು ಇಟ್ಟುಕೊಂಡು ನಾನೇನು ಮಾಡಲಿ? ನನಗೆ ಅಣ್ಣ ಬೇಕು. ಅಳಬೇಕೆಂದಿದ್ದರೆ ಅತ್ತುಬಿಡು, ಆಮೇಲೆ ಎದ್ದು ಮುಖ ತೊಳೆ. ಆ ರಿಜಿಸ್ಟರಿನಲ್ಲಿ ನನ್ನದಲ್ಲದೆ ಇಪ್ಪತ್ಮೂರು ಹೆಸರು ಇವೆಯಲ್ಲ, ಅವರಿಗೆ ಯಾರು ಹೇಳುತ್ತಾರೆ?

ಎಪ್ಪತ್ತು ಹಲ್ಲು ಮುಗಿಯಿತು.

ನಿನ್ನ ತಂಗಿ


ಏಪ್ರಿಲ್ 27

ಮೆಣಸೂ,

ನಿನ್ನ ಮಾತ್ರೆ ಹದಿಮೂರಕ್ಕೆ ಮುಗಿದಿರಬೇಕು. ನಾನೂ ಇಲ್ಲಿ ಲೆಕ್ಕ ಇಟ್ಟಿದ್ದೆ.

ನಿನ್ನ ಪತ್ರ ಓದಿ ಮುಖ ತೊಳೆದೆ. ಮರುದಿನ ರಿಜಿಸ್ಟರ್ ಕಂಕುಳಲ್ಲಿ ಇಟ್ಟುಕೊಂಡು ಹೊರಟೆ. ಇಪ್ಪತ್ಮೂರು ಜನರಲ್ಲಿ ಏಳು ಜನ ತೀರಿಕೊಂಡಿದ್ದಾರೆ. ಐದು ಜನ ಊರು ಬಿಟ್ಟು ಎಲ್ಲೆಲ್ಲೋ ಇದ್ದಾರೆ, ಅವರ ವಿಳಾಸ ಹುಡುಕುತ್ತಿದ್ದೇನೆ. ಉಳಿದ ಹನ್ನೊಂದು ಜನರ ಮನೆ ಬಾಗಿಲು ತಟ್ಟಿದೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದೆ. ಬಾಗಿಲು ತೆರೆದ ಕೂಡಲೇ ಎಲ್ಲಾ ಮರೆತುಹೋಗುತ್ತಿತ್ತು. "ನನ್ನ ಸೂಜಿ ಚೊಕ್ಕಟವಾಗಿರಲಿಲ್ಲ, ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ, ರೋಗವಿದ್ದರೆ ಈಗ ಮಾತ್ರೆ ಇದೆ" ಎಂದಷ್ಟೇ ಹೇಳಿದೆ. ಒಬ್ಬ ಮುಖದ ಮೇಲೆ ಬಾಗಿಲು ಹಾಕಿದ. ಅವನ ಜಾಗದಲ್ಲಿ ನಾನಿದ್ದರೂ ಹಾಕುತ್ತಿದ್ದೆ. ಅಂಚೆಯವನು, ಈಗ ನಿವೃತ್ತಿಯಾಗಿದ್ದಾನೆ, ಒಳಗೆ ಕರೆದು ನೀರು ಕೊಟ್ಟ, "ಆಗ ಎಲ್ಲಾ ಕಡೆ ಹಾಗೇ ಇತ್ತಲ್ಲಯ್ಯಾ" ಅಂದ.

ಸತ್ತವರ ಮನೆಗೂ ಹೋದೆ. ದರ್ಜಿಯ ನೆನಪಿದೆಯಲ್ಲ, ನಿನ್ನ ಶಾಲೆಯ ಲಂಗ ಹೊಲಿಯುತ್ತಿದ್ದವನು. ಹೊಟ್ಟೆ ಊದಿ, ರಕ್ತ ಕಾರಿ ಸತ್ತು ಹನ್ನೆರಡು ವರ್ಷವಾಯಿತು. ಒಳಗೊಳಗೇ ಕುಡಿಯುತ್ತಿದ್ದ ಎಂದು ಬೀದಿಯೆಲ್ಲ ಮಾತಾಡಿಕೊಂಡಿತ್ತು. ನಾನೂ ಹೌದೇನೋ ಅಂದುಕೊಂಡಿದ್ದೆ. ಅವನ ಹೆಂಡತಿ ಯಂತ್ರದ ಮುಂದೆಯೇ ಕೂತಿದ್ದಳು. ನಾನು ಹೇಳಿ ಮುಗಿಸಿದೆ. ಅವಳು ತುಂಬಾ ಹೊತ್ತು ಬಟ್ಟೆಯ ಮೇಲೆ ಕೈಯಾಡಿಸಿದಳು. ಆಮೇಲೆ, "ಒಂದು ತೊಟ್ಟೂ ಮುಟ್ಟಿದವರಲ್ಲ ಅವರು. ನನ್ನ ಮಕ್ಕಳೇ ನಂಬಲಿಲ್ಲ. ನೀವು ಈಗ ಹೇಳಿದ್ದನ್ನ ಒಂದು ಕಾಗದದಲ್ಲಿ ಬರೆದುಕೊಡ್ತೀರಾ, ಕಂಪೌಂಡರೇ?" ಅಂದಳು.

ಬರೆದುಕೊಟ್ಟೆ. ಖಚಿತವಾಗಿ ಹೇಳಲಾರೆ, ಆದರೆ ಇಂಥ ವರ್ಷ ನಾನು ಕೊಟ್ಟ ಇಂಜೆಕ್ಷನ್ನಿನಿಂದ ಇವರಿಗೆ ಲಿವರಿನ ರೋಗ ಬಂದಿರಬಹುದು, ಇವರು ಕುಡಿದದ್ದನ್ನು ನಾನು ಎಂದೂ ಕಂಡಿಲ್ಲ ಎಂದು ಬರೆದು ಸಹಿ ಹಾಕಿದೆ. ಅವಳು ಅದನ್ನು ಮಡಚಿ ಎದೆಯ ಬಳಿ ಇಟ್ಟುಕೊಂಡಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ದಾರಿಯಲ್ಲಿ ಆ ಬೆಂಚಿನ ಮೇಲೆ ಕೂತುಬಿಟ್ಟೆ.

ಅಣ್ಣ


ಮೇ 24

ನಾದಿನಿಗೆ,

ಮತ್ತೆ ನಾನೇ. ಅವರು ಆರೋಗ್ಯ ಕೇಂದ್ರದ ನರ್ಸ್ ಹಿಂದೆ ಬಿದ್ದು, ಜೂನ್ ಎಂಟನೇ ತಾರೀಕು ನಮ್ಮ ಬೀದಿಯ ಶಾಲೆಯಲ್ಲಿ ಪರೀಕ್ಷೆ ಇಡಿಸಿದ್ದಾರೆ. ಬೀದಿಯವರಿಗೆಲ್ಲ. ಮನೆ ಮನೆಗೆ ಹೋಗಿ ಹೇಳಿ ಬರುತ್ತಿದ್ದಾರೆ. ನಡೆದರೆ ಏದುಸಿರು, ಆದರೂ ಕೂರುವುದಿಲ್ಲ.

"ನೀವು?" ಅಂದೆ. "ಎಲ್ಲರದ್ದೂ ಆಗಲಿ, ಕಿಟ್ ಉಳಿದರೆ ನನ್ನದು" ಅಂದರು. ಉಳಿಯದಿದ್ದರೆ? "ಮುಂದಿನ ಸಲ." ಮುಂದಿನ ಸಲ ಯಾವಾಗಂತೆ ಅಂದರೆ ನರ್ಸಿಗೇ ಗೊತ್ತಿಲ್ಲ.

ಈ ಮನುಷ್ಯನಿಗೆ ಬುದ್ಧಿ ಹೇಳಿ ನನ್ನ ಬಾಯಿ ಒಣಗಿದೆ. ನೀನು ಬಂದುಬಿಡು. ಹಾಸಿಗೆ ಬಟ್ಟೆ ನೀನು ಇಲ್ಲದೆಯೂ ಎರಡು ದಿನ ಒಗೆತ ಕಾಣುತ್ತವೆ.

ಅತ್ತಿಗೆ


ಜೂನ್ 16

ಮೆಣಸೂ,

ರೈಲು ಸರಿಯಾದ ಹೊತ್ತಿಗೆ ತಲುಪಿತೇ? ನೀನು ಹೋದ ಮೇಲೆ ಮನೆ ಭಣಭಣ ಅನ್ನುತ್ತಿದೆ. ಅತ್ತಿಗೆ ನೀನು ಮಡಚಿಟ್ಟು ಹೋದ ಹೊದಿಕೆಗಳನ್ನು ಬಿಚ್ಚಲು ಬಿಡುತ್ತಿಲ್ಲ, ಅಷ್ಟು ಚೆನ್ನಾಗಿ ಮೂಲೆಗೆ ಮೂಲೆ ಕೂಡಿವೆಯಂತೆ.

ಎದುರಿಗೆ ಇದ್ದಾಗ ಆಡಲಾಗದ್ದನ್ನು ಬರೆಯುತ್ತೇನೆ. ಆ ಬೆಳಿಗ್ಗೆ ಶಾಲೆಗೆ ಬಂದಾಗ ನೀನು ನರ್ಸಿನ ಪಕ್ಕ ಕುರ್ಚಿ ಹಾಕಿಕೊಂಡು ಖಾಲಿ ರಿಜಿಸ್ಟರ್ ತೆರೆದು ಕೂತಿದ್ದನ್ನು ನೋಡಿ ನನಗೆ ಯಾರೋ ನಿನ್ನ ಹಾಗೇ ಇದ್ದಾರಲ್ಲ ಅನ್ನಿಸಿತು. ಆಮೇಲೆ ನೀನು ತಲೆ ಎತ್ತಿದೆ. ನಲವತ್ತು ಜನ ಸಾಲುಗಟ್ಟಿದ್ದರು, ನಾನು ತುದಿಯಲ್ಲಿ ನಿಂತಿದ್ದೆ. ಅಷ್ಟು ಜನರೆದುರು ಬಂದು ನನ್ನ ಕೈ ಹಿಡಿದು ಎಳೆದುಕೊಂಡು ಹೋದೆಯಲ್ಲ, ನಾಚಿಕೆಯಾಯಿತು. "ಮನೆಯವರು ಕೊನೆಗೆ ಕಣೇ" ಅಂದೆ, ಮೆಲ್ಲಗೆ ಅಂದೆ ಎಂದುಕೊಂಡಿದ್ದೆ, ಕಿವುಡನ ಪಿಸುಮಾತು ಶಾಲೆಗೆಲ್ಲ ಕೇಳಿಸಿತು. ಆಗ ದರ್ಜಿಯ ಹೆಂಡತಿ ಸಾಲಿನಿಂದ, "ಹಾಗಾದ್ರೆ ನಾವ್ಯಾರು ನಿಮಗೆ? ನಾವೂ ಮನೆಯವರೇ. ಮುಂದೆ ನಡೀರಿ ಕಂಪೌಂಡರೇ, ಹಿಂದಿನಿಂದ ಬರ್ತೀವಿ" ಅಂದಳು. ಅಂಚೆಯವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಸಾವಿರಾರು ಜನಕ್ಕೆ ಚುಚ್ಚಿದವನು ಬೆರಳು ಚಾಚಿ ನಡುಗಿದೆ. ನೀನು ಕಿವಿಯ ಹತ್ತಿರ ಬಂದು "ಬಾಟಲಿ ಎಣಿಸು" ಅಂದೆ. ಆ ಕೋಣೆಯಲ್ಲಿ ಬಾಟಲಿ ಎಲ್ಲಿತ್ತು? ಸಾಲಿನಲ್ಲಿದ್ದವರ ತಲೆ ಎಣಿಸಿದೆ. ಒಂಬತ್ತಕ್ಕೇ ಚುಚ್ಚಿ ಮುಗಿಯಿತು.

ರೋಗವಿದ್ದರೆ ಬರುವ ಎರಡು ಗೆರೆ ನನಗೆ ಬಂದದ್ದನ್ನು ನೀನೂ ನೋಡಿದೆ. ಅಂಚೆಯವನಿಗೂ ಬಂತು, ಬಾಗಿಲು ಹಾಕಿದವನ ತಮ್ಮನಿಗೂ ಬಂತು. ದೊಡ್ಡ ಪರೀಕ್ಷೆಗೆ ರಕ್ತ ಕಳಿಸಿದ್ದಾರೆ. ಹೆದರಿಕೆಯಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಆದರೆ ಆ ದಿನ ಮಧ್ಯಾಹ್ನ ಹೊಟ್ಟೆತುಂಬ ಉಂಡೆ, ಅತ್ತಿಗೆಯನ್ನು ಕೇಳು.

ಅಣ್ಣ


ಜುಲೈ 10

ಅಣ್ಣಾ,

ನಾನು ಚೆನ್ನಾಗಿದ್ದೇನೆ.

ಈ ಸಲ ಹೊಡೆದುಹಾಕಿಲ್ಲ, ನೋಡು. ಮಾತ್ರೆ ನಿಲ್ಲಿಸಿ ಹನ್ನೆರಡು ವಾರವಾದ ಮೇಲಿನ ಪರೀಕ್ಷೆ ಸೋಮವಾರ ಆಯಿತು, ಇವತ್ತು ಫಲಿತಾಂಶ. ವೈರಸ್ ಇಲ್ಲ. ವಾಸಿಯಾಗಿದೆ ಎಂದು ಡಾಕ್ಟರಮ್ಮ ತಮ್ಮ ಕೈಯಿಂದ ಬರೆದುಕೊಟ್ಟರು. ಲಿವರ್ ಮೇಲೆ ಕಣ್ಣಿಟ್ಟಿರಬೇಕು, ಆರು ತಿಂಗಳಿಗೊಮ್ಮೆ ಬರಬೇಕು ಅಂದರು. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಜೋರಾಗಿ ಅತ್ತೆ. ಇಸ್ತ್ರಿಯವಳು ಜೊತೆಗೆ ಬಂದಿದ್ದಳು, ಅವಳು ನನಗಿಂತ ಜೋರಾಗಿ ಅತ್ತಳು. ದಾರಿಯಲ್ಲಿ ಹೋಗುವವರು ಯಾರೋ ತೀರಿಕೊಂಡರು ಎಂದುಕೊಂಡು ಕೈಮುಗಿದು ಹೋದರು.

ನಿನ್ನ ಪಟ್ಟಿಯಲ್ಲಿ ಹಲ್ಲೆಲ್ಲ ಉದುರಿ ಈಗ ಬರೀ ಒಸಡು ಉಳಿದಿದೆ. ಕೀಳುವುದಿಲ್ಲ, ಬೀರುವಿನಲ್ಲೇ ಇರಲಿ. ನಿನ್ನ ವರದಿ ಬಂತೇ? ಆ ಜೋಡಿ ಪಟ್ಟಿ ಹುಡುಕಿ ಇಡು.

ಮೆಣಸು


ಜುಲೈ 19

ಮೆಣಸೂ,

ನಿನ್ನ ಪತ್ರವನ್ನು ಅತ್ತಿಗೆ ನನ್ನ ಕಿವಿಯ ಹತ್ತಿರ ಕೂಗಿ ಕೂಗಿ ಓದಿದಳು, ನಾನೇ ಓದಬಲ್ಲೆ ಎಂದರೂ ಕೇಳಲಿಲ್ಲ. ಪಕ್ಕದ ಮನೆಯವರಿಗೂ ಈಗ ನಿನಗೆ ವಾಸಿಯಾದ ಸಮಾಚಾರ ಗೊತ್ತು. ಇನ್ನು ನಾನು ಸತ್ತರೂ ಚಿಂತೆಯಿಲ್ಲ ಎಂದು ಬಾಯಿಗೆ ಬಂತು, ಅವಳ ಮುಖ ನೋಡಿ ನುಂಗಿಕೊಂಡೆ.

ನನ್ನ ವರದಿ ಬಂತು. ವೈರಸ್ ಇದೆ. ಲಿವರ್ ನಿನ್ನದಕ್ಕಿಂತ ಗಟ್ಟಿಯಾಗಿದೆ, ಆದರೂ ಮಾತ್ರೆ ಕೆಲಸ ಮಾಡುತ್ತದೆ ಎಂದರು. ಅದೇ ಮಾತ್ರೆ, ಅದೇ ಹನ್ನೆರಡು ವಾರ. ಬಿಳಿ ಪುಡಿಯ ಡಬ್ಬಿಯನ್ನು ಅತ್ತಿಗೆ ಆಗಲೇ ಕಿಟಕಿ ಒರೆಸಲು ತೆಗೆದುಕೊಂಡಿದ್ದಾಳೆ.

ಜೋಡಿ ಪಟ್ಟಿ ಎಲ್ಲೂ ಕಳೆದಿರಲಿಲ್ಲ. ಜನವರಿಯಿಂದ ಅದೇ ರಿಜಿಸ್ಟರಿನ ಪುಟದಲ್ಲಿತ್ತು. ನಿನ್ನ ಎಂಬತ್ತನಾಲ್ಕು ಕತ್ತರಿಸುವಾಗಲೇ ಇನ್ನೊಂದು ಯಾರಿಗೆ ಎಂದು ನನಗೆ ಗೊತ್ತಿತ್ತು. ಕನ್ನಡಿಯ ಪಕ್ಕ ಅಂಟಿಸಿದ್ದೇನೆ. ಇವತ್ತು ಬೆಳಿಗ್ಗೆ ತಿಂಡಿಯ ಮುಂಚೆ, ಮನೆಯಲ್ಲಿ ಯಾರೂ ಏನೂ ಬಾಯಿಗೆ ಹಾಕುವ ಮುಂಚೆ, ಮಾತ್ರೆ ನುಂಗಿ ಮೊದಲ ಹಲ್ಲು ಕತ್ತರಿಸಿದೆ.

ನಿನ್ನೆ ಮಾತ್ರೆ ತರಲು ಆರೋಗ್ಯ ಕೇಂದ್ರಕ್ಕೆ ಹೋಗಿದ್ದೆ. ಅಂಚೆಯವನೂ ಬಂದಿದ್ದ, ಒಟ್ಟು ಹತ್ತು ಹನ್ನೆರಡು ಜನ ಕೂತಿದ್ದೆವು. ಅಭ್ಯಾಸಬಲ, ನಾನು ಬಾಗಿಲ ಹತ್ತಿರದ ಕೊನೆಯ ಕುರ್ಚಿ ಹಿಡಿದಿದ್ದೆ. ಕಿಟಕಿಯಲ್ಲಿ ಹೊಸ ನರ್ಸ್. ನೀನು ಆ ದಿನ ಬರೆದ ರಿಜಿಸ್ಟರ್ ತೆಗೆದು ಕೂಗಲು ಶುರುಮಾಡಿದಳು. ಮೊದಲನೇ ಸಾಲಿಗೇ ತಡವರಿಸಿ ನಿಂತಳು. ಪಕ್ಕದವಳಿಗೆ ತೋರಿಸಿದಳು, ಅವಳೂ ಕನ್ನಡಕ ಏರಿಸಿ ನೋಡಿದಳು. ಆಮೇಲೆ ನನ್ನ ಕಿವಿಗೂ ಕೇಳಿಸುವ ಹಾಗೆ ಕೂಗಿದಳು:

"ಒಂದನೇ ನಂಬರು. ಹೆಸರೇ ಬರೆದಿಲ್ಲ ಇಲ್ಲಿ, ಬರೀ 'ಅಣ್ಣ' ಅಂತಿದೆ. ಯಾರಿದು?"

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಕೊನೆಯ ಕುರ್ಚಿಯಿಂದ ಕೈ ಎತ್ತಿದೆ. ನಾನೇ ಅಮ್ಮಾ ಎಂದು ಎದ್ದು ಹೋದೆ.

ಅಣ್ಣ